ಗೋಡೌನ್ ಬಾಗಿಲಿನ ಸಾಫ್ಟ್‌ವೇರ್‌ನಲ್ಲಿ ಲಾಗಿನ್ ಬೈಪಾಸ್ ದೋಷ ಇದೆಯಂತೆ, ಯಾವ ಕಂಪನಿಗೆ ಬದಲಾಯಿಸಲಿ?

ಯಾವುದಕ್ಕೂ ಬೇಡ. ಮೊದಲು ರೂಟರ್ ಹತ್ತಿರ ಹೋಗಿ, ಕಂಪನಿ ವಿಷಯ ಆಮೇಲೆ ಮಾತಾಡೋಣ.

ನಿಮ್ಮದು ಸಾಗರದ ಗೋಡೌನ್, ನಾನು ಕೈಸುಟ್ಟುಕೊಂಡದ್ದು ತೀರ್ಥಹಳ್ಳಿ ಆಚೆಯದ್ದು. ಉಳಿದದ್ದೆಲ್ಲ ನೀವು ಬರೆದ ಹಾಗೇ. ಅಡಿಕೆ ಮೂಟೆ, ಬೆರಳಿಟ್ಟು ತೆಗೆಯುವ ಬಾಗಿಲು, ಆಫೀಸಿನ ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರ್, ಮನೆಯಲ್ಲೇ ಕೂತು ಮೊಬೈಲಲ್ಲಿ ನೋಡುವ ಸೌಕರ್ಯ. ಆ ಸೌಕರ್ಯವೇ ನನ್ನನ್ನು ಮುಳುಗಿಸಿದ್ದು.

ಶಿವಮೊಗ್ಗದಲ್ಲಿ ನನ್ನದು ಸಣ್ಣ ಅಂಗಡಿ. ಸಿಸಿ ಕ್ಯಾಮೆರಾ, ಬಯೋಮೆಟ್ರಿಕ್, ಯುಪಿಎಸ್. 2019ರ ಬೇಸಿಗೆಯಲ್ಲಿ ಆ ಗೋಡೌನ್‌ಗೆ ಮೆಷಿನ್ ಕೂರಿಸಿದೆ. ಮೊದಲ ವಾರದಿಂದಲೇ ಫೋನ್ ಶುರು. ಅಡಿಕೆ ಸುಲಿದು ಸವೆದ, ಚೊಗರು ಹಿಡಿದ ಬೆರಳುಗಳು. ಮೆಷಿನ್ ಗುರುತೇ ಹಿಡಿಯುತ್ತಿರಲಿಲ್ಲ. ಹೆಬ್ಬೆರಳು ಆಗದಿದ್ದರೆ ಉಂಗುರ ಬೆರಳು, ಅದೂ ಆಗದಿದ್ದರೆ ನನ್ನ ಬೈಕು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ 60 ಕಿಲೋಮೀಟರಿಗೂ ಜಾಸ್ತಿ, ಒಬ್ಬರ ಒಂದು ಬೆರಳಿಗೋಸ್ಕರ! ಜೂನ್ ಕೊನೆಗೆ ಮಳೆ ಹಿಡಿಯಿತು. ಎರಡು ಸಲ ತೊಪ್ಪೆಯಾಗಿ ಬಂದ ಮೇಲೆ, ಇನ್ನು ಇಲ್ಲಿಂದಲೇ ನೋಡಿಕೊಂಡರಾಯ್ತು ಅಂತ ಅಲ್ಲಿನ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ನೂರಕ್ಕೆ ತೊಂಬತ್ತು ಜನ ಇದನ್ನು ತಪ್ಪು ಅಂತಲೇ ಅಂದುಕೊಳ್ಳುವುದಿಲ್ಲ. ರೂಟರ್ ಅಂದರೆ ತೋಟದ ಬಾಯಿಗೆ ಹಾಕಿದ ಉಣುಗೋಲು ಅಂತ ಇಟ್ಟುಕೊಳ್ಳಿ. ಹೊರಗಿನ ದನ ಸುಮ್ನೆ ಒಳಗೆ ಬರುವ ಹಾಗಿಲ್ಲ. ಪೋರ್ಟ್ ಫಾರ್ವರ್ಡ್ ಮಾಡಿದರೆ, ಈ ನಂಬರ್ ಹೇಳಿಕೊಂಡು ಯಾರೇ ಬಂದರೂ ಗಳ ಸರಿಸಿ ನೇರ ಆ ಕಂಪ್ಯೂಟರ್ ಮುಂದೆ ನಿಲ್ಲಿಸು ಅಂತ ಅದಕ್ಕೆ ಹೇಳಿಕೊಟ್ಟ ಹಾಗೆ. ಗಳ ಸರಿಸಿದ್ದು ನನಗೊಬ್ಬನಿಗೆ ಅಂತ ನಾನು ಅಂದುಕೊಂಡಿದ್ದೆ. ಗಳಕ್ಕೆ ನನ್ನ ಮುಖಪರಿಚಯ ಇರಬೇಕಲ್ಲ?

ಹೆದರಿಕೆ ಇರಲಿಲ್ಲ ಅಂತಲ್ಲ. ಅದಕ್ಕೇ ಅಡ್ಮಿನ್‌ಗೆ 16 ಅಕ್ಷರದ ಪಾಸ್‌ವರ್ಡ್ ಇಟ್ಟೆ. ನಮ್ಮ ಹಳೇ ಮನೆ ನಾಯಿಯ ಹೆಸರು, ನಡುವೆ ಚಿಹ್ನೆ, ಅಂಕಿ ಎಲ್ಲ ಸೇರಿಸಿ. ಭಾರಿ ಜಂಬ. ಗೋಡೌನ್ ಕಮಿಟಿಯವರು ಹಾಜರಿ ನೋಡಬೇಕು ಅಂದಾಗ ಯೂಸರ್ ಪಟ್ಟಿಯ ಪುಟದ ಲಿಂಕ್ ಕಾಪಿ ಮಾಡಿ ಅವರ ವಾಟ್ಸಾಪ್ ಗುಂಪಿಗೆ ಹಾಕಿದೆ. 'ಪಾಸ್‌ವರ್ಡ್ ಬೇಕು, ಏನೂ ಭಯ ಇಲ್ಲ' ಅಂತ ಕೆಳಗೆ ಬರೆದೆ. ಆ ಲಿಂಕ್ ಆ ಗುಂಪಿಂದ ಎಲ್ಲೆಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಆ ವರ್ಷದ ಆಗಸ್ಟ್ ಮಳೆ ನಿಮಗೂ ನೆನಪಿರುತ್ತದೆ. ನೀರು ಇಳಿದ ಮೇಲೆ ಎಣಿಸಿದರೆ ಒಂಬತ್ತು ಮೂಟೆ ರಾಶಿ ಅಡಿಕೆ ಕಡಿಮೆ. ನನ್ನನ್ನು ಕರೆಸಿದರು. ಬಾಗಿಲು ಯಾವಾಗ ಯಾರು ತೆಗೆದರು ಅಂತ ಮೆಷಿನ್ ಬರೆದಿಡುವ ಲಾಗ್ ತೆಗೆದೆ. ರಾತ್ರಿ 2:40ಕ್ಕೆ ಬಾಗಿಲು ತೆರೆದಿದೆ, ತೆರೆದದ್ದು ಮೆಷಿನ್‌ನಲ್ಲಿ ಕಾವಲಿನವರಿಗೆ ಕೊಟ್ಟ ನಂಬರ್. ನಾನೇ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಎದುರಿಗೇ ಕಂಬಳಿಕೊಪ್ಪೆ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಮಲಗಿದ್ದೆ ಸ್ವಾಮಿ ಅಂದರು. ನಾನು ಹೇಳಿದೆ: ಮೆಷಿನ್ ಸುಳ್ಳು ಹೇಳಲ್ಲ.

ಪೊಲೀಸ್ ಕಂಪ್ಲೇಂಟ್ ಬೇಡ, ವಯಸ್ಸಾದವರು ಅಂತ ಕೆಲಸದಿಂದ ಬಿಡಿಸಿ ಕಳಿಸಿದರು. ಕಮಿಟಿಯವರು ದೊಡ್ಡ ಮನಸ್ಸು ಮಾಡಿದರು ಅಂತಲೇ ನಾನೂ ಅಂದುಕೊಂಡೆ.

ನವೆಂಬರ್‌ನಲ್ಲಿ ಹೊಸ ಫೋನ್ ತಗೊಂಡೆ. ಅಂಗಡಿಯಲ್ಲಿ ಟೀ ಕುಡಿಯುತ್ತಾ ಹಳೇ ವಾಟ್ಸಾಪ್ ಮೆಸೇಜ್‌ನ ಲಿಂಕ್ ಒತ್ತಿದೆ. ಯೂಸರ್ ಪಟ್ಟಿ ಟಕ್ ಅಂತ ತೆರೆಯಿತು. ಪರವಾಗಿಲ್ಲ, ಅಲ್ಲಿನ ನೆಟ್ ಇವತ್ತು ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಈ ಫೋನಲ್ಲಿ ನಾನು ಒಂದು ಸಲವೂ ಲಾಗಿನ್ ಆಗಿಲ್ಲ.

ಪಾಸ್‌ವರ್ಡ್ ಕೇಳುತ್ತಿದ್ದದ್ದು ಮೊದಲ ಪುಟ ಮಾತ್ರ. ಒಳಗಿನ ಪುಟದ ವಿಳಾಸ ಗೊತ್ತಿದ್ದರೆ, ಬಂದವರು ಯಾರು ಅಂತ ಆ ಸಾಫ್ಟ್‌ವೇರ್ ವಿಚಾರಿಸುತ್ತಲೇ ಇರಲಿಲ್ಲ. ಯೂಸರ್ ಸೇರಿಸುವ ಪುಟವೂ ಹಾಗೇ, ಬಾಗಿಲು ತೆಗೆಯುವ ಬಟನ್ನೂ ಹಾಗೇ. ನೀವು ಕೇಳಿದ ಲಾಗಿನ್ ಬೈಪಾಸ್ ಅಂದರೆ ಇದೇ, ಅಥೆಂಟಿಕೇಶನ್ ಬೈಪಾಸ್ ಅಂತಲೂ ಅನ್ನುತ್ತಾರೆ. ನನ್ನ 16 ಅಕ್ಷರವನ್ನು ಯಾರೂ ಮುರಿದಿರಲಿಲ್ಲ. ಮುರಿಯುವ ಅಗತ್ಯವೇ ಬಿದ್ದಿರಲಿಲ್ಲ.

ಕಾವಲಿನವರ ಸಾಲು ತೆಗೆದು ನೋಡಿದೆ. ಬೆರಳಿನ ಪಕ್ಕ ಕಾರ್ಡ್ ನಂಬರ್ ಒಂದಿತ್ತು, ಬೆರಳಿನ ಬದಲು ಮೆಷಿನ್‌ಗೆ ತೋರಿಸಿ ಬಾಗಿಲು ತೆಗೆಯುವ ಕಾರ್ಡ್. ಆ ಗೋಡೌನ್‌ಗೆ ನಾನು ಒಂದೇ ಒಂದು ಕಾರ್ಡ್ ಕೊಟ್ಟಿಲ್ಲ. ಲಾಗ್‌ನಲ್ಲಿ 'ವೆರಿಫೈ' ಅಂತ ಒಂದು ಕಾಲಂ ಇರುತ್ತದೆ. ಆ ಮೆಷಿನ್‌ನಲ್ಲಿ ಬೆರಳಾದರೆ 1, ಕಾರ್ಡ್ ಆದರೆ 4. ರಾತ್ರಿ 2:40ರ ಎದುರು 4 ಇತ್ತು. ಕಮಿಟಿಗೆ ಕೊಟ್ಟ ಪ್ರಿಂಟ್‌ನಲ್ಲಿ ಅದು ಇರಲಿಲ್ಲ. ಎ4 ಹಾಳೆಗೆ ಅಗಲ ಸಾಲದೆ ಆ ಕಾಲಮ್ಮನ್ನು ನಾನೇ ತೆಗೆದಿದ್ದೆ.

ಆ ಕಾರ್ಡ್ ನಂಬರನ್ನು ಅವರ ಸಾಲಿಗೆ ಯಾರು ಸೇರಿಸಿದರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೇ ನೀವು ಕಂಪನಿ ಬದಲಾಯಿಸಲಾ ಅಂದಾಗ ನನಗೆ ಸಿಟ್ಟು ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಕಂಪನಿ ಹೇಳಲಿ? ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ 2017ರಲ್ಲಿ ಸಿಕ್ಕ ದೋಷಕ್ಕೆ ಇಂಥ ದೋಷಗಳ ಜಾಗತಿಕ ಪಟ್ಟಿಯಲ್ಲಿ ಸಿವಿಇ-2017-7921 ಅಂತ ನಂಬರ್ ಇದೆ. ವಿಳಾಸದ ಕೊನೆಗೆ ಒಂದು ತುಣುಕು ಅಂಟಿಸಿದರೆ ಸಾಕಿತ್ತು, ಪಾಸ್‌ವರ್ಡ್ ಇಲ್ಲದೆ ಯೂಸರ್ ಪಟ್ಟಿ ಬರುತ್ತಿತ್ತು. ಎಚ್‌ಐಡಿ ಮರ್ಕ್ಯುರಿ ಅಂದರೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಹಾಕುವ ದುಬಾರಿ ಮಾಲು. 2022ರಲ್ಲಿ ಟ್ರೆಲಿಕ್ಸ್ ಅನ್ನುವ ಸೈಬರ್ ಭದ್ರತಾ ಕಂಪನಿಯವರು ಅದರಲ್ಲೂ ಎಂಟು ದೋಷ ಹಿಡಿದು, ದೂರದಿಂದಲೇ ಬಾಗಿಲು ತೆಗೆಯಬಹುದು ಅಂತ ತೋರಿಸಿದರು. ನಮ್ಮ ಕಡೆ ಮೂಲೆಮೂಲೆಯಲ್ಲಿ ಕಾಣುವ ಝಡ್‌ಕೆಟೆಕೊ ಮೆಷಿನ್‌ಗಳಲ್ಲಿ 24 ದೋಷ ಇವೆ ಅಂತ 2024ರಲ್ಲಿ ಅಂಥದ್ದೇ ಇನ್ನೊಂದು ಕಂಪನಿ ಕ್ಯಾಸ್ಪರ್‌ಸ್ಕಿ ಹೇಳಿತು. ಕ್ಯೂಆರ್ ಕೋಡ್ ಓದುವ ಮಾಡೆಲ್‌ಗೆ, ಒಳಗೆ ಡೇಟಾಬೇಸ್ ಆಜ್ಞೆ ತುಂಬಿದ ಕೋಡ್ ತೋರಿಸಿದರೆ ಯಾರನ್ನೋ ಅಸಲಿ ನೌಕರ ಅಂದುಕೊಂಡು ಒಳಗೆ ಬಿಡುತ್ತಿತ್ತಂತೆ. ಲಕ್ಷ ರೂಪಾಯಿ ಸುರಿದು ಕಂಪನಿ ಬದಲಾಯಿಸಿ, ಹೊಸದಕ್ಕೂ ಅದೇ ಪೋರ್ಟ್ ಫಾರ್ವರ್ಡ್ ಮಾಡಿದರೆ ಉಣುಗೋಲಿನ ಗಳ ಸರಿಸಿಟ್ಟೇ ಒಳಗಿನ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ಇವತ್ತು ರಾತ್ರಿ ಮಾಡಬೇಕಾದದ್ದು ಇಷ್ಟು. ಗೋಡೌನ್ ಒಳಗಿಂದ ಅಲ್ಲ, ಮನೆಯಿಂದ ನೋಡುವ ವಿಳಾಸದಲ್ಲೇ ಸಾಫ್ಟ್‌ವೇರ್‌ಗೆ ಲಾಗಿನ್ ಆಗಿ, ಯೂಸರ್ ಪಟ್ಟಿಯ ಪುಟಕ್ಕೆ ಹೋಗಿ, ಮೇಲಿನ ವಿಳಾಸ ಕಾಪಿ ಮಾಡಿ. ಬೇರೆಯವರ ಮೊಬೈಲಲ್ಲಿ, ಗೋಡೌನ್ ವೈಫೈ ಬಿಟ್ಟು ಸಿಮ್‌ನ ಡೇಟಾದಲ್ಲಿ ಅದನ್ನು ತೆರೆಯಿರಿ. ಲಾಗಿನ್ ಪುಟ ಬಂದರೂ ನಿಮ್ಮ ಬಾಗಿಲು ಬೀದಿಯಲ್ಲಿದೆ ಅಂತ ಅರ್ಥ. ಪಟ್ಟಿಯೇ ಬಂದರೆ ಕೂಡಲೇ ರೂಟರ್ ವೈರ್ ಕೀಳಿ. ಆಮೇಲೆ ಪೋರ್ಟ್ ಫಾರ್ವರ್ಡ್ ಅಳಿಸಿ. ಮನೆಯಿಂದ ನೋಡಲೇಬೇಕಾದರೆ ವೈರ್‌ಗಾರ್ಡ್ ಥರದ ವಿಪಿಎನ್ ಹಾಕಿಸಿ, ಅಂದರೆ ನೀವು ಒಪ್ಪಿದ ಫೋನ್‌ಗಳಿಗೆ ಮಾತ್ರ ಇರುವ ಗುಟ್ಟಿನ ದಾರಿ. ನಮ್ಮೂರಿನ ಹುಡುಗರಿಗೆ ಅದು ಅರ್ಧ ದಿನದ ಕೆಲಸ. ಅಪ್‌ಡೇಟ್ ಬಂದಿದ್ದರೆ ಅದನ್ನೂ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಪಟ್ಟಿಯನ್ನು ಒಂದೊಂದೇ ಸಾಲು ಓದಿ, ನೀವು ಕೊಡದ ಕಾರ್ಡ್ ಯಾರ ಹೆಸರಲ್ಲಾದರೂ ಇದೆಯಾ ನೋಡಿ. ಲಾಗ್ ಪ್ರಿಂಟ್ ತೆಗೆದರೆ ಎಲ್ಲ ಕಾಲಂ ಇರಲಿ, ಬೇಕಾದರೆ ಎರಡು ಹಾಳೆ ಆಗಲಿ. ಕರೆಂಟ್ ಹೋದಾಗ ಮ್ಯಾಗ್ನೆಟ್ ಲಾಕ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಮಳೆಗಾಲಕ್ಕೆ ಮುಂಚೆ ಯುಪಿಎಸ್ ಬ್ಯಾಟರಿ ನೋಡಿಸಿ. ಅದು ಬೇರೆಯೇ ಕಥೆ.

ಕಾವಲಿನವರ ಮನೆಗೆ ಡಿಸೆಂಬರ್‌ನಲ್ಲಿ ಹೋಗಿದ್ದೆ, ಕಮಿಟಿಯ ಇಬ್ಬರ ಜೊತೆ. ವಾಪಸ್ ಬನ್ನಿ ಅಂತ ಕರೆದೆವು. ಮಜ್ಜಿಗೆ ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಕಾರ್ಡ್, ನಂಬರ್, 4 ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಕೊನೆಗೆ ಒಂದೇ ಮಾತು ಕೇಳಿದರು: "ಈಗ ಏನಂತದೆ ನಿಮ್ಮ ಮೆಷಿನ್ನು?" ಅವರು ಬರಲಿಲ್ಲ.

ಲಿಂಕ್ ತೆರೆದಾಗ ಏನು ಬಂತು ಅಂತ ಕಾಮೆಂಟಲ್ಲಿ ತಿಳಿಸಿ. ಸ್ಕ್ರೀನ್‌ಶಾಟ್ ಮಾತ್ರ ಹಾಕಬೇಡಿ, ಅದರಲ್ಲಿ ವಿಳಾಸ ಕಾಣುತ್ತದೆ.