ಹಾಸನ, ಚಿಕ್ಕಮಗಳೂರು ಕಡೆಯ ಕುಟುಂಬದ ವಂಶಾವಳಿಯನ್ನು ಮುತ್ತಾತನಿಗಿಂತ ಹಿಂದಕ್ಕೆ ಹುಡುಕುವುದು ಹೇಗೆ?

ಹೆಸರಿನಿಂದ ಹುಡುಕುವುದಕ್ಕಿಂತ ಜಮೀನಿನಿಂದ ಹುಡುಕಿದರೆ ಹೆಚ್ಚು ದೂರ ಹೋಗಬಹುದು. ಮನೆಯ ಹಿರಿಯರಿಂದ ಊರು, ಹೋಬಳಿ ಮತ್ತು ಪಿತ್ರಾರ್ಜಿತ ಜಮೀನಿನ ಸರ್ವೆ ನಂಬರನ್ನು ಕೇಳಿ ಬರೆದುಕೊಂಡು, ಆ ನಂಬರಿನ ಹಳೆಯ ಕೈಬರಹದ ಪಹಣಿ ಹಾಗೂ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ದಾಖಲೆಗಳ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ.

ಇದಕ್ಕೆ ಕಾರಣವಿದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಎಷ್ಟೋ ಜನನ, ಮರಣಗಳು ದಾಖಲಾಗಲೇ ಇಲ್ಲ. ಆದರೆ ಖಾತೆದಾರ ತೀರಿಕೊಂಡಾಗ ಕಂದಾಯ ಯಾರು ಕಟ್ಟಬೇಕೆಂದು ಸರ್ಕಾರಕ್ಕೆ ತಿಳಿಯಬೇಕಾಗಿದ್ದುದರಿಂದ, ಜಮೀನು ವಾರಸುದಾರರ ಹೆಸರಿಗೆ ಬದಲಾಗಿ ಸಂಬಂಧವೂ ಬರಹಕ್ಕೆ ಇಳಿಯುತ್ತಿತ್ತು. ‘ರಂಗೇಗೌಡ ಬಿನ್ ತಿಮ್ಮೇಗೌಡ’ ಎಂಬ ಒಂದೇ ಸಾಲಿನಲ್ಲಿ ಮಗ, ತಂದೆ ಇಬ್ಬರೂ ಸಿಗುತ್ತಾರೆ. ಹೆಂಗಸರ ಹೆಸರಿನ ಮುಂದೆ ‘ಕೋಂ’ ಎಂದಿದ್ದರೆ ಅದರ ನಂತರದ್ದು ಗಂಡನ ಹೆಸರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ಕಡೆ, ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಸರ್ವೆ ನಂಬರಿಗಿಂತ ಗಟ್ಟಿಯಾದ ಆಧಾರ ನನಗೆ ಕಂಡಿಲ್ಲ.

ಹಳೆಯ ದಾಖಲೆಗಳಲ್ಲಿ ಚಿಕ್ಕಮಗಳೂರು ಜಿಲ್ಲೆ ‘ಕಡೂರು ಜಿಲ್ಲೆ’ ಎಂದೂ, ಸಕಲೇಶಪುರ ತಾಲ್ಲೂಕು ‘ಮಂಜರಾಬಾದ್’ ಎಂದೂ ಇರುತ್ತದೆ. ಜಮೀನಿಲ್ಲದ ಕುಟುಂಬಗಳಿಗೆ ಈ ದಾರಿ ತೆರೆದಿಲ್ಲ ಎಂಬುದು ನಿಜಕ್ಕೂ ನೋವಿನ ಸಂಗತಿ. ಅವರು ಶಾಲೆಯ ದಾಖಲಾತಿ ಪುಸ್ತಕ ಮತ್ತು ಹಿರಿಯರ ನೆನಪಿನಿಂದ ಆರಂಭಿಸಬೇಕು. ನಿಮ್ಮ ಮನೆತನಕ್ಕೆ ಹೆಳವರು ಬಂದು ವಂಶ ಹೇಳುವ ವಾಡಿಕೆಯಿದ್ದರೆ, ಅವರು ಹೇಳಿದ್ದನ್ನು ತಪ್ಪದೆ ಧ್ವನಿಮುದ್ರಿಸಿಕೊಂಡು ಪಹಣಿಯೊಂದಿಗೆ ತಾಳೆ ನೋಡಿ.