ಅತ್ತೆಗೆ ಹೆದರಿ ನಿಲ್ಲಿಸಿದ ಮಾತ್ರೆ

ಪ್ರಶ್ನೆ: ನನಗೆ 28 ವರ್ಷ. ಮದುವೆಯಾಗಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗೆ ಬಂದು ಮೂರು ವರ್ಷವಾಯಿತು. ಡೈರಿಗೆ ಹಾಲು ಹಾಕುವ ಮನೆ. ನನಗೆ ಹುಟ್ಟಿನಿಂದಲೇ ಗ್ಯಾಲಕ್ಟೋಸೀಮಿಯಾ, ಅಂದರೆ ಹಾಲಿನ ಸಕ್ಕರೆಯ ಒಂದು ಅಂಶ ಅರಗದ ಕಾಯಿಲೆ ಇದೆ. ಹಾಲು, ಮೊಸರು ಮುಟ್ಟುವಂತಿಲ್ಲ. ಅಂಡಾಶಯ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಚಿಕ್ಕ ವಯಸ್ಸಿನಲ್ಲೇ ಹಾರ್ಮೋನ್ ಮಾತ್ರೆ ಶುರುಮಾಡಿದ್ದರು. ಇದನ್ನೆಲ್ಲ ಮದುವೆಗೆ ಮುಂಚೆಯೇ ನಮ್ಮವರಿಗೆ ಹೇಳಿದ್ದೆ, ಅವರು ಒಪ್ಪಿಯೇ ಮದುವೆಯಾದರು. ಅತ್ತೆಗೆ ಮಾತ್ರ ಯಾರೂ ಹೇಳಿಲ್ಲ. ಹೋದ ವರ್ಷ ಅತ್ತೆ ಬೀರುವಿನಲ್ಲಿ ಮಾತ್ರೆ ನೋಡಿ, ‘ಮಕ್ಕಳಾಗದಿರೋ ಮಾತ್ರೆ ತಗೊಳ್ತಿದ್ದೀಯಾ’ ಎಂದು ದೊಡ್ಡ ರಂಪ ಮಾಡಿದರು. ಜಗಳ ಬೇಡವೆಂದು ಮಾತ್ರೆ ಬಿಟ್ಟೆ. ಈಗ ಸೊಂಟನೋವು. ಬೆಂಗಳೂರಿನಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಝಡ್ ಸ್ಕೋರ್ ಮೈನಸ್ 2.4 ಬಂದಿದೆ. ಮೂಳೆ ಸವೆದಿದೆ ಎಂದು ಕೇಳಿದ ಮೇಲೆ ಅತ್ತೆ ದಿನಾ ಹಾಲಿನ ಲೋಟ ತಂದು ಮುಂದೆ ಇಡುತ್ತಾರೆ. ಬೇಜಾರು ಮಾಡಿಕೊಳ್ಳುತ್ತಾರೆಂದು ಕೆಲವು ಸಲ ಕುಡಿದೂ ಬಿಟ್ಟೆ. ನಮ್ಮವರು ‘ಅಮ್ಮನಿಗೆ ಹೇಳಿದ್ರೆ ತಡ್ಕೊಳ್ಳಲ್ಲ, ಸ್ವಲ್ಪ ದಿನ ಸುಮ್ನಿರು’ ಎನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ತಂಗೀ, ಸುಮ್ಮನಿರಬೇಡಿ. ಇಷ್ಟು ದಿನ ಸುಮ್ಮನಿದ್ದಿದ್ದಕ್ಕೆ ನಿಮ್ಮ ಮೂಳೆ ಬೆಲೆ ತೆತ್ತಿದೆ.

ಮೊದಲು ಹಾಲಿನ ಲೋಟದ ವಿಷಯ ಹೇಳುತ್ತೇನೆ. ನಿಮ್ಮ ಅತ್ತೆ ಕೆಟ್ಟದ್ದು ಬಯಸುತ್ತಿಲ್ಲ. ಮೂಳೆ ಗಟ್ಟಿಯಾಗಲು ಹಾಲು ಕುಡಿಯಿರಿ ಎಂದು ಟಿವಿಯಲ್ಲೂ ಹೇಳುತ್ತಾರೆ, ಆಶಾ ಕಾರ್ಯಕರ್ತೆಯೂ ಹೇಳುತ್ತಾರೆ. ಊರಿಗೆಲ್ಲ ಸರಿಯಾದ ಆ ಮಾತು ನಿಮಗೊಬ್ಬರಿಗೆ ತಪ್ಪು. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಕರುಳಿನಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಆ ಗ್ಯಾಲಕ್ಟೋಸನ್ನು ಅರಗಿಸುವ ಕಿಣ್ವ ನಿಮ್ಮ ದೇಹದಲ್ಲಿ ಹುಟ್ಟಿನಿಂದಲೇ ಇಲ್ಲ. ಒಂದು ಲೋಟ ಕುಡಿದ ತಕ್ಷಣ ಏನೂ ಆಗದೇ ಇರಬಹುದು. ‘ನೋಡು, ಏನೂ ಆಗಲಿಲ್ಲ ಅಲ್ವಾ’ ಎಂದು ಅತ್ತೆ ಹೇಳಲೂಬಹುದು. ಅದನ್ನು ನಂಬಿ ಮುಂದುವರಿಸಬೇಡಿ. ಮೇಕೆ ಹಾಲು, ಮಜ್ಜಿಗೆ, ಪನೀರ್, ಖೋವಾ ಕೂಡ ಬೇಡ. ಅಂಗಡಿಯಲ್ಲಿ ಲ್ಯಾಕ್ಟೋಸ್ ಇಲ್ಲದ ಹಾಲು ಎಂದು ಒಂದು ಪ್ಯಾಕೆಟ್ ಸಿಗುತ್ತದೆ. ಅದನ್ನಂತೂ ತರಲೇಬೇಡಿ. ಅದರಲ್ಲಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ ಅಷ್ಟೇ, ಗ್ಯಾಲಕ್ಟೋಸ್ ಹಾಗೇ ಇರುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರ ತೊಂದರೆ ಬೇರೆ, ನಿಮ್ಮದು ಬೇರೆ.

ಇನ್ನು ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ನೋವು ಕೊಟ್ಟ ಸಾಲು ‘ಮಾತ್ರೆ ಬಿಟ್ಟೆ’ ಎನ್ನುವುದು. ಗ್ಯಾಲಕ್ಟೋಸೀಮಿಯಾ ಇರುವವರ ಮೂಳೆ, ಗಂಡಾಗಲಿ ಹೆಣ್ಣಾಗಲಿ, ಮೊದಲೇ ಸ್ವಲ್ಪ ತೆಳು. ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಈ ಕಾಯಿಲೆಯಿರುವ ಹೆಂಗಸರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನರಿಗೆ ಅಂಡಾಶಯ ಬೇಗ ಕೆಲಸ ನಿಲ್ಲಿಸುತ್ತದೆ. ಆಗ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆಯಾಗುತ್ತದೆ. ಮೂಳೆ ದಿನವೂ ಸವೆಯುತ್ತದೆ, ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಸವೆತ ಮಿತಿ ಮೀರದಂತೆ ತಡೆಯುವುದು ಈಸ್ಟ್ರೋಜನ್. ಐವತ್ತರ ಹತ್ತಿರ ಮುಟ್ಟು ನಿಂತ ಹೆಂಗಸರಿಗೆ ಆಗುವ ಸವೆತ ನಿಮಗೆ ಈ ವಯಸ್ಸಿನಲ್ಲೇ ಆಗುತ್ತಿದೆ. ಅದೂ ಮೂಳೆ ತನ್ನ ಜೀವಮಾನದ ಗಟ್ಟಿತನವನ್ನು ಕೂಡಿಡುವ ವರ್ಷಗಳಲ್ಲಿ. ಅದಕ್ಕೇ ಇಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ, ಅಂದರೆ ಸುಮಾರು 50ರವರೆಗೆ, ಹಾರ್ಮೋನ್ ಕೊಡುತ್ತಾರೆ. ರಾಗಿ ತಿಂದು, ಕ್ಯಾಲ್ಸಿಯಂ ನುಂಗಿ ಈ ಮಾತ್ರೆಯ ಜಾಗ ತುಂಬಿಸಲು ಆಗುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಡೋಸ್ ಹೇಳುವುದು ನನ್ನ ಕೆಲಸವಲ್ಲ. ಹಳೆ ಸ್ಟ್ರಿಪ್ ಹುಡುಕಿ ನೀವೇ ಶುರುಮಾಡಲೂ ಬೇಡಿ. ಇಷ್ಟು ತಿಂಗಳು ಬಿಟ್ಟ ಮೇಲೆ ಬಿಪಿ, ಮೈಗ್ರೇನ್, ರಕ್ತ ಹೆಪ್ಪುಗಟ್ಟುವ ತೊಂದರೆ ಇವನ್ನೆಲ್ಲ ವಿಚಾರಿಸಿ ಡಾಕ್ಟರೇ ಕೊಡಬೇಕು. ಆದರೆ ಇದೇ ವಾರ ಹೋಗಿ. ಸೊಂಟನೋವನ್ನೂ ಹೇಳಿ. ಮೂಳೆ ತೆಳುವಾದ ಮಾತ್ರಕ್ಕೆ ನೋವು ಬರುವುದಿಲ್ಲ. ಸ್ನಾಯು ಹಿಡಿದಿರಬಹುದು, ಇಲ್ಲವೇ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು, ಅದನ್ನು ಎಕ್ಸ್‌ರೇ ನೋಡಿಯೇ ಹೇಳಬೇಕು. ಅಲ್ಲಿಯವರೆಗೆ ಬಗ್ಗಿ ಹಾಲಿನ ಕ್ಯಾನ್ ಎತ್ತಬೇಡಿ, ಮೇವಿನ ಹೊರೆ ಹೊರಬೇಡಿ.

ಮೈನಸ್ 2.4 ನೋಡಿ ಕಾಲ ಮುಗಿಯಿತು ಎಂದುಕೊಳ್ಳಬೇಡಿ. ನಿಮ್ಮದೇ ವಯಸ್ಸಿನವರಿಗೆ ಹೋಲಿಸಿದರೆ ಮೂಳೆಯ ಸಾಂದ್ರತೆ ಇರಬೇಕಾದ್ದಕ್ಕಿಂತ ಕಡಿಮೆ ಇದೆ ಎಂದು ಅದರ ಅರ್ಥ. ಮೈನಸ್ 2ಕ್ಕಿಂತ ಕೆಳಗೆ ಹೋದರೆ ಚಿಕಿತ್ಸೆ, ಆಹಾರ ಎರಡನ್ನೂ ಬಿಗಿ ಮಾಡುತ್ತಾರೆ.

ಆಹಾರದಲ್ಲಿ ನೀವು ಅದೃಷ್ಟವಂತರು, ಮುದ್ದೆ ಉಣ್ಣುವ ಸೀಮೆಯಲ್ಲಿದ್ದೀರಿ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಜಾಸ್ತಿ ಹತ್ತುತ್ತದೆ. ನುಗ್ಗೆಸೊಪ್ಪಿನ ಪಲ್ಯ, ಸೊಪ್ಪಿನ ಬಸ್ಸಾರು, ಹುರುಳಿ, ಎಳ್ಳಿನ ಪುಡಿ ಎಲ್ಲವೂ ನಿಮಗೆ ಆಗುತ್ತದೆ. ಉಳಿದದ್ದಕ್ಕೆ ಕ್ಯಾಲ್ಸಿಯಂ ಮಾತ್ರೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ. ವಿಟಮಿನ್ ಡಿ ಪುಡಿಯನ್ನು ಹಾಲಿಗೆ ಹಾಕಿ ಕುಡಿಯಿರಿ ಎಂದು ಮೆಡಿಕಲ್ ಶಾಪಿನಲ್ಲಿ ಹೇಳುವುದು ರೂಢಿ. ನೀವು ನೀರಿನಲ್ಲಿ ಕುಡಿಯಬಹುದೇ, ಇಲ್ಲವೇ ಕ್ಯಾಪ್ಸೂಲ್ ಬರೆದುಕೊಡುತ್ತೀರಾ ಎಂದು ಡಾಕ್ಟರನ್ನೇ ಕೇಳಿ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಡಾಕ್ಟರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಇಲ್ಲಿ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಮೂಳೆಗೆ ಸೇರಿದರೆ ಸ್ಕ್ಯಾನಿನಲ್ಲಿ ಮೂಳೆ ದಪ್ಪ ಕಾಣುತ್ತದೆ, ಒಳಗೆ ಪೆಡಸಾಗಿ ಬೇಗ ಮುರಿಯುತ್ತದೆ. ಎಷ್ಟು ವರ್ಷ ಯಾವ ನೀರು ಕುಡಿದಿರಿ ಎಂದು ಹೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಕುಡಿಯಲು, ಅಡುಗೆಗೆ ಎರಡಕ್ಕೂ ಅದೇ ನೀರು ಹಿಡಿಯಿರಿ.

ಈಗ ಅತ್ತೆಗೆ ಯಾರು ಹೇಳಬೇಕು? ನಿಮ್ಮ ಗಂಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನೀವು ಹೇಳಿದರೆ ‘ಮುಚ್ಚಿಟ್ಟು ಮದುವೆ ಮಾಡಿದ್ರು’ ಎಂದು ನಿಮ್ಮ ತವರಿನ ಮೇಲೆ ಮಾತು ಬರುತ್ತದೆ. ಅವರು ಹೇಳಿದರೆ ಆ ಮಾತಿಗೆ ಜಾಗವೇ ಇಲ್ಲ. ಉದ್ದ ಭಾಷಣ ಬೇಡ. ‘ಅಮ್ಮಾ, ಅವಳಿಗೆ ಹುಟ್ಟಿದಾಗಿಂದ ಹಾಲು ಆಗಲ್ಲ, ಅದು ಅವಳ ದೇಹಕ್ಕೆ ವಿಷ ಇದ್ದಂಗೆ. ಆ ಮಾತ್ರೆ ಕೊಟ್ಟಿದ್ದು ಮಕ್ಕಳು ಬೇಡ ಅಂತ ಅಲ್ಲ, ಮೂಳೆ ಉಳೀಲಿ ಅಂತ. ನನಗೆ ಮದುವೆಗೆ ಮುಂಚೇನೇ ಗೊತ್ತಿತ್ತು, ನಿಂಗೆ ಹೇಳದೇ ಇದ್ದಿದ್ದು ನಾನು.’ ಇಷ್ಟು ಸಾಕು. ಈ ಪತ್ರಿಕೆಯ ಪುಟವನ್ನು ಅವರ ಕೈಗೆ ಕೊಡಿ. ತಮ್ಮಾ, ನೀವು ಇದನ್ನು ಓದುತ್ತಿದ್ದರೆ ಕೇಳಿ: ಅಮ್ಮ ಅತ್ತಾರು, ಎರಡು ದಿನ ಮಾತು ಬಿಟ್ಟಾರು. ಆಮೇಲೆ ಸರಿಹೋಗುತ್ತಾರೆ. ನಿಮ್ಮ ಹೆಂಡತಿಯ ಬೆನ್ನುಮೂಳೆ ಕುಸಿದರೆ ಅದು ಮೊದಲಿನ ಹಾಗೆ ಆಗುವುದಿಲ್ಲ.

ಮಗುವಿನ ವಿಷಯವನ್ನು ಅವತ್ತೇ ಪೂರ್ತಿ ಬಿಚ್ಚಿಡಬೇಕಾಗಿಲ್ಲ. ‘ಡಾಕ್ಟರ್ ಹತ್ರ ಮಾತಾಡ್ತಿದ್ದೀವಿ’ ಎಂದರೆ ಸಾಕು, ಮತ್ತು ನಿಜವಾಗಿಯೂ ಮಾತಾಡಿ. ನಿಮ್ಮಂಥವರಿಗೂ ಅಪರೂಪಕ್ಕೆ ತಾನಾಗಿ ಗರ್ಭ ನಿಂತಿದೆ. ಬೇರೆಯವರ ಅಂಡಾಣು ಪಡೆದು ಗರ್ಭ ಧರಿಸುವ ದಾರಿ ಇದೆ, ದತ್ತು ಇದೆ. ನಿಮಗೆ ಕೊಟ್ಟಿದ್ದು ಯಾವ ಬಗೆಯ ಮಾತ್ರೆ ಎಂದೂ ಕೇಳಿ. ಕೊರತೆ ತುಂಬಲು ಕೊಡುವ ಹಾರ್ಮೋನ್ ಗರ್ಭ ತಡೆಯುವ ಮಾತ್ರೆಯಲ್ಲ. ಆದರೆ ಕೆಲವು ಡಾಕ್ಟರುಗಳು ಅದರ ಬದಲು ಗರ್ಭನಿರೋಧಕ ಮಾತ್ರೆಯನ್ನೇ ಕೊಡುವುದುಂಟು. ಹಾಗಿದ್ದರೆ ಮಗು ಬೇಕೆಂದಾಗ ಬದಲಾಯಿಸಿ ಕೊಡುತ್ತಾರೆ. ಮಗುವಿಗೂ ಈ ಕಾಯಿಲೆ ಬರುತ್ತದೆಯೇ ಎನ್ನುವುದು ನಿಮ್ಮವರಲ್ಲೂ ಇದೇ ಜೀನಿನ ದೋಷ ಇದೆಯೇ ಎನ್ನುವುದರ ಮೇಲೆ ನಿಂತಿದೆ. ನೀವಿಬ್ಬರೂ ಸಂಬಂಧಿಕರಾದರೆ ಆ ಸಾಧ್ಯತೆ ಹೆಚ್ಚು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದನ್ನು ಪರೀಕ್ಷೆ ಮಾಡಿ ಕೂತು ವಿವರಿಸುತ್ತಾರೆ.

ಡಾಕ್ಟರ ಹತ್ತಿರ ಹೋಗುವಾಗ ಡೆಕ್ಸಾ ರಿಪೋರ್ಟ್ ಮತ್ತು ಹಳೆಯ ಮಾತ್ರೆಯ ಸ್ಟ್ರಿಪ್ ಎರಡೂ ಜೊತೆಗಿರಲಿ. ಆಗುವುದಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಹಾಲು ಯಾಕೆ ಬೇಡ ಎನ್ನುವುದನ್ನು ಡಾಕ್ಟರ ಬಾಯಿಂದಲೇ ಅವರು ಕೇಳಲಿ.