ಅಡುಗೆಮನೆ, ಕಾದಂಬರಿ, ಚೀಟಿ ದುಡ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಕತೆ, ಕಾದಂಬರಿ ಬರೆದು ತಾವೇ ಪ್ರಿಂಟ್ ಹಾಕಿಸುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಹೇಗೆ ಬರೆಯಬೇಕು ಅಂತ ಕೇಳಿದವರು ಕಡಿಮೆ. ಮನೆಯವರನ್ನು ಹೇಗೆ ಒಪ್ಪಿಸುವುದು ಅಂತ ಕೇಳಿದವರೇ ಎಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನಾನು ಹೈಸ್ಕೂಲ್ ಟೀಚರ್. ಇಬ್ಬರು ಮಕ್ಕಳು, ಅತ್ತೆ ಮಾವ ಜೊತೆಗಿದ್ದಾರೆ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಮೊಬೈಲಿನಲ್ಲೇ ಕಾದಂಬರಿ ಟೈಪ್ ಮಾಡುತ್ತೇನೆ. ಅರ್ಧ ಆಗಿದೆ. ಯಾರೂ ಬೈಯುವುದಿಲ್ಲ. ಆದರೆ ಅತ್ತೆ ಬಂದವರ ಮುಂದೆಲ್ಲ ‘ಇವಳಿಗೆ ಮೊಬೈಲ್ ಹುಚ್ಚು’ ಅನ್ನುತ್ತಾರೆ. ಮಗಳು ‘ನೀನು ಮಾತ್ರ ನೋಡಬಹುದಾ?’ ಅಂತ ಕೇಳುತ್ತಾಳೆ. ಬರೆಯುವುದನ್ನೇ ಬಿಟ್ಟುಬಿಡಲಾ?
— ಓದುಗರು, ಶಿವಮೊಗ್ಗ

ಉತ್ತರ: ಬಿಡಬೇಡಿ. ಅರ್ಧ ಕಾದಂಬರಿ ಬರೆದಿದ್ದೀರಿ, ಅದೇನು ಸಣ್ಣ ಮಾತಲ್ಲ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಬರೆಯುತ್ತಿದ್ದೀರಿ ಅಂತ ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ? ಪತ್ರದಲ್ಲಿ ಆ ಮಾತು ಎಲ್ಲೂ ಇಲ್ಲ. ಮೊಬೈಲ್ ಹಿಡಿದು ಕೂತವರು ಕಾದಂಬರಿ ಬರೆಯುತ್ತಿದ್ದಾರೋ, ಸುಮ್ನೆ ರೀಲ್ಸ್ ನೋಡುತ್ತಿದ್ದಾರೋ, ದೂರದಿಂದ ನೋಡುವವರಿಗೆ ಎರಡೂ ಒಂದೇ. ಅತ್ತೆಯವರು ಕಂಡದ್ದನ್ನು ಹೇಳಿದ್ದಾರೆ. ಮಗಳಂತೂ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ್ದಾಳೆ.

ಮೊದಲು ಒಂದು ದಪ್ಪ ನೋಟ್‌ಬುಕ್ ತನ್ನಿ. ಪೂರ್ತಿ ಕಾದಂಬರಿಯನ್ನು ಅದರಲ್ಲೇ ಬರೆಯಬೇಕು ಅಂತಿಲ್ಲ. ಪಾತ್ರಗಳ ಹೆಸರು, ಮುಂದಿನ ಅಧ್ಯಾಯದಲ್ಲಿ ಏನಾಗಬೇಕು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ, ಇಷ್ಟನ್ನು ಪೆನ್ನಿನಲ್ಲಿ ಬರೆಯಿರಿ. ಎಲ್ಲರೂ ಎದ್ದಿರುವಾಗಲೇ, ಹಾಲ್‌ನಲ್ಲೇ ಕೂತು ಬರೆಯಿರಿ. ಮಗಳು ಬಂದು ‘ಏನಮ್ಮಾ ಇದು?’ ಅಂತ ಕೇಳಿಯೇ ಕೇಳುತ್ತಾಳೆ. ಆಗ ಕತೆ ಹೇಳಿ. ಅಮ್ಮ ಒಂದು ಪುಸ್ತಕ ಬರೆಯುತ್ತಿದ್ದಾಳೆ ಅಂತ ಮಕ್ಕಳಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಆಗಲಿ ಬಿಡಿ. ಅತ್ತೆಯವರಿಗೂ ಬಾಯಿಬಿಟ್ಟು ಹೇಳಿ: ‘ಅತ್ತೆ, ನಾನು ಕಾದಂಬರಿ ಬರೀತಿದ್ದೀನಿ. ಊಟ ಆದಮೇಲೆ ಮುಕ್ಕಾಲು ಗಂಟೆ ನನ್ನನ್ನು ಕರೀಬೇಡಿ.’ ಕೇಳದೆ ಯಾರೂ ಸಮಯ ಕೊಡುವುದಿಲ್ಲ ತಂಗಿ. ಮುಚ್ಚಿಟ್ಟು ಬರೆದರೆ ತಪ್ಪು ಮಾಡಿದವರ ಹಾಗೆ ಬರೆಯಬೇಕಾಗುತ್ತದೆ, ನಿಮ್ಮ ಹಿಂಸೆಗೆ ಅರ್ಧ ಕಾರಣ ಅದೇ ಅನ್ನಿಸುತ್ತದೆ ನನಗೆ.

ಮುಕ್ಕಾಲು ಗಂಟೆ ಸಾಕಾ ಅಂತ ಕೇಳಬಹುದು. ಸಾಕು, ಆದರೆ ಒಂದು ಷರತ್ತು. ಏನು ಬರೆಯಬೇಕು ಅಂತ ಕೂರುವ ಮೊದಲೇ ಗೊತ್ತಿರಬೇಕು. ಆ ಯೋಚನೆಯನ್ನು ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ ಮಾಡಿಕೊಳ್ಳಿ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದಲ್ಲ, ಸಂಭಾಷಣೆ ಬರೆಯುವುದಕ್ಕೆ ಅದು ತುಂಬ ಚೆನ್ನಾಗಿ ಒದಗುತ್ತದೆ. ಯಾಕೆಂದರೆ ನೀವು ಆ ಪಾತ್ರದ ಮಾತನ್ನು ನಿಜವಾಗಿ ಆಡುತ್ತೀರಿ. ಉದ್ದ ವರ್ಣನೆಗೆ ಅಷ್ಟು ಸರಿಹೋಗುವುದಿಲ್ಲ. ಪೂರ್ಣವಿರಾಮ, ಪ್ರಶ್ನೆಚಿಹ್ನೆ ಎಲ್ಲ ಆಮೇಲೆ ನೀವೇ ಹಾಕಿಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆ, ಪೇಪರ್ ತಿದ್ದುವ ಹೊತ್ತು, ಮಕ್ಕಳಿಗೆ ಜ್ವರ, ಈ ದಿನಗಳಲ್ಲಿ ಹೊಸದು ಬರೆಯಲು ಹೋಗಬೇಡಿ. ಹಳೆಯ ಅಧ್ಯಾಯ ಓದಿ, ತಿದ್ದಿ. ಅದೂ ಕೆಲಸವೇ. ಎಂ.ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಅಚ್ಚಾದದ್ದು 1963ರಲ್ಲಿ. ಎಳೆಯ ವಯಸ್ಸಿಗೇ ಮದುವೆಯಾಗಿ ಸಂಸಾರ ನಡೆಸಿದವರು ಅವರು. ಅಷ್ಟು ತಡವಾಗಿ ಶುರು ಮಾಡಿ ಎಷ್ಟೊಂದು ಬರೆದರು ನೋಡಿ. ನಿಮಗೆ ಕಾಲ ಇದೆ.

ಪ್ರಶ್ನೆ: ಮೇಡಂ, ನನ್ನದು ಸಣ್ಣ ಅಂಗಡಿ. ಹತ್ತು ವರ್ಷದಿಂದ ಬರೆದ ಕಾದಂಬರಿ ಈಗ ಸಿದ್ಧವಾಗಿದೆ. ಪ್ರಕಾಶಕರು ಉತ್ತರ ಕೊಡುತ್ತಿಲ್ಲ, ಹಾಗಾಗಿ ನಾನೇ ಪ್ರಕಟಿಸಬೇಕೆಂದಿದ್ದೇನೆ. 240 ಪುಟ, ಸಾವಿರ ಪ್ರತಿಗೆ ಪ್ರೆಸ್‌ನವರು 95,000 ರೂಪಾಯಿ ಹೇಳಿದ್ದಾರೆ. ಚೀಟಿ ಎತ್ತಿದರೆ ದುಡ್ಡು ಹೊಂದುತ್ತದೆ. ಆದರೆ ಮಗಳು ಪಿಯುಸಿಗೆ ಸೇರಬೇಕು, ಹೆಂಡತಿ ಮಾತು ಬಿಟ್ಟಿದ್ದಾಳೆ. ಬೆಲೆ 250 ಇಡಬೇಕೆಂದಿದ್ದೇನೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಚೀಟಿ ದುಡ್ಡು ಮುಟ್ಟಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಮನೆಯ ದುಡ್ಡು. ನಿಮ್ಮ ಹೆಂಡತಿಯವರು ಕಾದಂಬರಿಗೆ ಬೇಡ ಅಂದಿಲ್ಲ, ಮಗಳ ಫೀಸಿನ ಬಗ್ಗೆ ಹೆದರಿದ್ದಾರೆ.

ಈಗ ಲೆಕ್ಕ. ಬೆಲೆ 250. ಅಂಗಡಿಯವರು, ವಿತರಕರು ಶೇಕಡ 40ರವರೆಗೂ ಕಮಿಷನ್ ಕೇಳುತ್ತಾರೆ. ಆಗ ನಿಮ್ಮ ಕೈಗೆ ಬರುವುದು 150. ಹಾಕಿದ 95,000 ವಾಪಸ್ ಬರಬೇಕಾದರೆ 634 ಪ್ರತಿ ಮಾರಬೇಕು. ಅದೂ ಅಂಗಡಿಯವರು ದುಡ್ಡು ಕೊಟ್ಟಾಗ! ಮಾರಾಟವಾದ ಮೇಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಬಿಟ್ಟು ಕೊಡುತ್ತಾರೆ. ಅಷ್ಟರಲ್ಲಿ ಮಗಳ ಕಾಲೇಜು ಶುರುವಾಗಿರುತ್ತದೆ.

ಅದರ ಬದಲು 300 ಪ್ರತಿ ಹಾಕಿಸಿ. ಪ್ಲೇಟ್ ಮಾಡಿ ಒಟ್ಟಿಗೆ ತುಂಬ ಪ್ರತಿ ಅಚ್ಚು ಹಾಕುವ ಆಫ್‌ಸೆಟ್ ಬೇಡ, ಕಂಪ್ಯೂಟರಿನಿಂದ ನೇರವಾಗಿ ಬೇಕಾದಷ್ಟೇ ಪ್ರತಿ ತೆಗೆಯುವ ಡಿಜಿಟಲ್ ಪ್ರಿಂಟ್ ಸಾಕು. ಒಂದು ಪ್ರತಿಯ ಖರ್ಚು ಜಾಸ್ತಿ ಬೀಳುತ್ತದೆ ನಿಜ. 130 ಬಿತ್ತು ಅಂತಿಟ್ಟುಕೊಳ್ಳಿ, ಒಟ್ಟು 39,000. ನೀವೇ ಓದುಗರಿಗೆ ನೇರವಾಗಿ 225ರಂತೆ ಕೊಟ್ಟರೆ 174 ಪ್ರತಿಗೆ ಅಸಲು ಬಂತು. ನಿಮಗೆ ಅಂಗಡಿ ಇದೆ, ದಿನಾ ಜನ ಬರುತ್ತಾರೆ, ಕೌಂಟರ್ ಮೇಲೆ ನಾಲ್ಕು ಪ್ರತಿ ಇಡಿ. ಹೋದರೆ ಇನ್ನೊಂದು 200 ಹಾಕಿಸಿ. ಸಾವಿರ ಪ್ರತಿ ಅಂದರೆ ಹೆಚ್ಚುಕಡಿಮೆ 300 ಕಿಲೋ ಕಾಗದ, ಮಂಚದ ಕೆಳಗೂ ಹಿಡಿಸುವುದಿಲ್ಲ. ದಿನಾ ಕಸ ಗುಡಿಸುವಾಗ ಆ ಕಟ್ಟುಗಳನ್ನು ಸರಿಸಬೇಕಾದವರು ನಿಮ್ಮ ಹೆಂಡತಿಯವರೇ ಅಲ್ವಾ?

ನಿಮ್ಮ ಕಡೆಯವರೇ ಆದ ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುಗರನ್ನು ಹುಟ್ಟುಹಾಕಿದ್ದು ಹೀಗೆ. ಲೇಖಕನೇ ನಿಂತು ಮಾರುವುದರಲ್ಲಿ ಕೀಳು ಏನೂ ಇಲ್ಲ. ಸಾಲ ಮಾಡಿ ಅಚ್ಚು ಹಾಕಿಸಿ ಆಮೇಲೆ ಮಾರುವುದಕ್ಕೆ ನಾಚಿಕೊಂಡು ಕೂರುವುದಿದೆಯಲ್ಲ, ಅದು ನೋಡುವುದಕ್ಕೆ ತುಂಬ ಕಷ್ಟವಾಗುತ್ತದೆ.

ಖರ್ಚು ಎಲ್ಲಿ ಉಳಿಸಬಹುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪುಸ್ತಕವನ್ನು ಗುರುತಿಸುವ ಸಂಖ್ಯೆ ಇದೆಯಲ್ಲ, ಐಎಸ್‌ಬಿಎನ್, ಅದಕ್ಕೆ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕಾಪಿರೈಟ್ ಬರೆದ ಕ್ಷಣದಿಂದಲೇ ನಿಮ್ಮದು, ನಿಮ್ಮ ಕಾಲದ ನಂತರ 60 ವರ್ಷ ಮಕ್ಕಳಿಗೆ ಉಳಿಯುತ್ತದೆ. ನೋಂದಣಿ ಬೇಕಾದರೆ ಮಾಡಿಸಬಹುದು, ಕಡ್ಡಾಯ ಅಲ್ಲ. ಪುಟಗಳನ್ನು 16ರ ಲೆಕ್ಕದಲ್ಲಿ ಹೊಂದಿಸಿಕೊಂಡರೆ ಆಫ್‌ಸೆಟ್‌ನಲ್ಲಿ ಕಾಗದ ಹಾಳಾಗುವುದಿಲ್ಲ. ನಿಮ್ಮ 240 ಸರಿಯಾಗಿ 15 ಫಾರಂ (16 ಪುಟಕ್ಕೆ ಒಂದು ಫಾರಂ) ಆಗುತ್ತದೆ, ಮುಂದೆ ದೊಡ್ಡ ಮುದ್ರಣ ಹಾಕಿಸುವ ಕಾಲ ಬಂದರೆ ಉಪಯೋಗಕ್ಕೆ ಬರುತ್ತದೆ.

ಕರಡು ತಿದ್ದಿಸುವುದಕ್ಕೆ ಮಾತ್ರ ಜಿಪುಣತನ ಬೇಡ. ನೀವು ಫೋನು, ಕಂಪ್ಯೂಟರ್ ಎಲ್ಲದರಲ್ಲೂ ಓದಬಹುದಾದ ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ, ಪುಟ ಜೋಡಿಸುವ ಡಿಟಿಪಿಯವರು ಅದನ್ನು ತಮ್ಮ ನುಡಿ ಫಾಂಟಿಗೆ ಬದಲಿಸುತ್ತಾರೆ. ಆಗ ಅಲ್ಲಲ್ಲಿ ಅರ್ಕಾವೊತ್ತು ಜಾಗ ಬಿಟ್ಟು ಓಡುತ್ತದೆ, ಒತ್ತಕ್ಷರ ಮಾಯವಾಗುತ್ತದೆ, ಉದ್ಧರಣ ಚಿಹ್ನೆ ಇದ್ದ ಕಡೆ ಇನ್ನೇನೋ ಗುರುತು ಬಂದು ಕೂರುತ್ತದೆ. ಇದು ಕಂಪ್ಯೂಟರ್ ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಾಗದದ ಮೇಲೆ ಪ್ರೂಫ್ ತೆಗೆಸಿ, ಒಬ್ಬರು ಮೂಲವನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಪ್ರೂಫ್ ನೋಡಬೇಕು. ಮಗಳನ್ನು ಕೂರಿಸಿಕೊಳ್ಳಿ. ಹೆಂಡತಿಯವರ ಜೊತೆ ಈ ಲೆಕ್ಕದ ಹಾಳೆ ಇಟ್ಟುಕೊಂಡು ಕೂತು ಮಾತಾಡಿ. ಎಷ್ಟು ಹಾಕುತ್ತೇವೆ, ಪೂರ್ತಿ ಹೋದರೂ ಮನೆಗೆ ತೊಂದರೆ ಆಗದ ಮೊತ್ತ ಎಷ್ಟು, ಇದನ್ನು ಅವರೇ ಹೇಳಲಿ. ಅವರು ಹೇಳಿದ ಮೊತ್ತ 15,000 ಆದರೆ ಅದಕ್ಕೆ ಬರುವಷ್ಟೇ ಪ್ರತಿ ಹಾಕಿಸಿ.

ಪ್ರಶ್ನೆ: ನಾನು ಪ್ರತಿಲಿಪಿ ಆ್ಯಪ್‌ನಲ್ಲಿ ಧಾರಾವಾಹಿ ಬರೆಯುತ್ತೇನೆ. ಒಂದು ಪಾತ್ರ ತನ್ನದೇ ಅಂತ ನಾದಿನಿ ರಂಪ ಮಾಡಿದ್ದಾಳೆ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಓದಿ ಚರ್ಚೆ ಮಾಡುತ್ತಿದ್ದಾರೆ. ಪುಸ್ತಕ ಮಾಡುವ ಯೋಚನೆ ಇತ್ತು, ಈಗ ಭಯ.
— ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಅದು ಅವಳೇನಾ? ಉತ್ತರ ನನಗೆ ಬರೆಯುವುದು ಬೇಡ.

ಅಲ್ಲ ಅಂತಾದರೆ, ಅವಳನ್ನು ಎದುರಿಗೆ ಕೂರಿಸಿಕೊಂಡು ‘ಇದು ನೀನಲ್ಲ’ ಅಂತ ಹೇಳಿ, ಗ್ರೂಪಿನಲ್ಲಿ ಉತ್ತರ ಕೊಡುತ್ತಾ ಕೂರಬೇಡಿ. ಬರೆಯುವವರ ಮನೆಯಲ್ಲಿ ಎಲ್ಲರಿಗೂ ತಮ್ಮ ಮುಖ ಕಾಣುವುದು ಇದ್ದದ್ದೇ. ಹೌದು ಅಂತಾದರೆ, ಪುಸ್ತಕಕ್ಕೆ ಮೊದಲು ಆ ಪಾತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ. ಹೆಸರು, ಊರು ಬದಲಿಸಿದರೆ ಸಾಲದು. ಓದುವವರು ಗುರುತು ಹಿಡಿಯುವುದು ಮಾತಾಡುವ ವರಸೆಯಿಂದ, ಮತ್ತೆ ಮನೆಯಲ್ಲಿ ನಿಜವಾಗಿ ನಡೆದ ಒಂದೋ ಎರಡೋ ಘಟನೆಯಿಂದ. ಆ ಘಟನೆ ತೆಗೆಯಿರಿ, ಅವಳ ಸಿಟ್ಟಿಗೆ ಬೇರೆ ಕಾರಣ ಹುಡುಕಿ. ಹೀಗೆ ಮಾಡಿದರೆ ಪಾತ್ರಕ್ಕೂ ಒಳ್ಳೆಯದು, ನೀವು ಅವಳ ಮೇಲಿನ ಕೋಪದಲ್ಲಿ ಬರೆದದ್ದೆಲ್ಲ ಜಾರಿಹೋಗಿ ಅವಳಿಗೂ ಒಂದು ಮನಸ್ಸು ಬರುತ್ತದೆ. ಕಾಯಿಲೆ, ಮಕ್ಕಳಾಗದ ವಿಷಯ, ಮುರಿದುಹೋದ ಸಂಬಂಧ, ಇಂಥದ್ದನ್ನು ಅವರೇ ಒಪ್ಪಿದ ಹೊರತು ಮುಟ್ಟಲೇಬೇಡಿ. ಕತೆ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಸ್ವತ್ತಲ್ಲ.

ಕಾವ್ಯನಾಮ ಇಟ್ಟುಕೊಳ್ಳುವುದೂ ಒಂದು ದಾರಿ. ಕಾದಂಬರಿಗಾರ್ತಿ ತ್ರಿವೇಣಿ ಅವರ ನಿಜ ಹೆಸರು ಅನಸೂಯ ಶಂಕರ. ನಿಮ್ಮ ವಿಷಯದಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಾಗಿರುವುದರಿಂದ ಈ ಪುಸ್ತಕಕ್ಕೆ ಅದು ಕೆಲಸ ಮಾಡುವುದಿಲ್ಲ, ಮುಂದಿನದಕ್ಕೆ ಯೋಚಿಸಿ.

ಪ್ರಶ್ನೆ: ನನ್ನ ಹೆಂಡತಿ ಕತೆ ಬರೆಯುತ್ತಾಳೆ, ಮೊದಲ ಸಂಕಲನ ತಾನೇ ಪ್ರಕಟಿಸುತ್ತಿದ್ದಾಳೆ. ನನಗೆ ಸಾಹಿತ್ಯ ಗೊತ್ತಿಲ್ಲ. ನಾನು ಹೇಗೆ ನೆರವಾಗಬಹುದು?
— ಓದುಗರು, ಬೆಂಗಳೂರು

ಉತ್ತರ: ಈ ಪತ್ರ ಓದಿ ತುಂಬ ಖುಷಿಯಾಯಿತು ಕಣ್ರೀ. ಇಂಥದ್ದು ಅಪರೂಪಕ್ಕೆ ಬರುತ್ತದೆ.

ಸಾಹಿತ್ಯ ಗೊತ್ತಿರಬೇಕಾಗಿಲ್ಲ. ಭಾನುವಾರ ಬೆಳಗ್ಗಿನ ತಿಂಡಿ ನಿಮ್ಮದು ಅಂತ ಮಾಡಿಕೊಳ್ಳಿ. ಮಾಡಿದ ಮೇಲೆ ಪಾತ್ರೆಯೂ ತೊಳೆದಿಡಿ, ಒಗ್ಗರಣೆಗೆ ಸಾಸಿವೆ ಎಲ್ಲಿದೆ ಅಂತ ಅವರನ್ನು ಕೂಗಿ ಕೇಳಬೇಡಿ. ಶಾಲೆಯ ವಾಟ್ಸಾಪ್ ಗ್ರೂಪನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಹೋಮ್‌ವರ್ಕ್, ಬಣ್ಣದ ಡ್ರೆಸ್, ಪೇರೆಂಟ್ಸ್ ಮೀಟಿಂಗ್, ಅವರ ತಲೆ ತುಂಬಿರುವುದು ಇದರಿಂದಲೇ. ಇನ್ನು ಪ್ರಕಟಣೆಯ ಕೆಲಸಗಳಲ್ಲಿ ಪ್ರೆಸ್ಸಿಗೆ ಓಡಾಡುವುದು, ಯಾರಿಗೆ ಎಷ್ಟು ಪ್ರತಿ ಕೊಟ್ಟೆವು ಅಂತ ಬರೆದಿಡುವುದು, ಪಾರ್ಸಲ್ ಕಟ್ಟುವುದು ನೀವು ವಹಿಸಿಕೊಳ್ಳಿ. ಬರೆಯುವುದಕ್ಕಿಂತ ಇವುಗಳಿಗೇ ಹೊತ್ತು ಜಾಸ್ತಿ ಹೋಗುತ್ತದೆ. ಅಷ್ಟರಲ್ಲಿ ಅವರು ಮುಂದಿನ ಕತೆ ಶುರು ಮಾಡಬಹುದು.

ಎರಡು ಮಾತು ಮಾತ್ರ ಕೇಳಬೇಡಿ: ‘ಎಷ್ಟು ದುಡ್ಡು ಬಂತು?’ ಮತ್ತೆ ‘ಇನ್ನೂ ಮುಗೀಲಿಲ್ವಾ?’

ಪ್ರಶ್ನೆ: ಪುಸ್ತಕ ಬಂದಿದೆ. ನೆಂಟರೆಲ್ಲ ಪುಕ್ಕಟೆ ಕೇಳುತ್ತಾರೆ, ಇಲ್ಲ ಅನ್ನಲಾಗುವುದಿಲ್ಲ. ಹೊರಗಿನ ಓದುಗರಿಗೆ ಕಳಿಸೋಣವೆಂದರೆ ಕೊರಿಯರ್ ದುಬಾರಿ.
— ಓದುಗರು, ತುಮಕೂರು

ಉತ್ತರ: ಗೌರವ ಪ್ರತಿಗಳ ಸಂಖ್ಯೆ ಮೊದಲೇ ನಿಗದಿ ಮಾಡಿ: ಅಪ್ಪ ಅಮ್ಮ, ಗುರುಗಳು, ಮುನ್ನುಡಿ ಬರೆದವರು, ಪ್ರೂಫ್ ನೋಡಿದವರು. ಅಷ್ಟು ಮುಗಿದ ಮೇಲೆ ‘ದೊಡ್ಡಮ್ಮಾ, ನಿಮಗೆ ಇನ್ನೂರಕ್ಕೆ ಕೊಡ್ತೀನಿ, ಓದಿ ಹೇಗಿದೆ ಹೇಳಿ’ ಅಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡವರು ಓದುವವರೂ ಆಗಿರುವುದಿಲ್ಲ.

ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಶುರು ಮಾಡಿದೆ. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಇಟ್ಟಿದ್ದರು, ತೆರಿಗೆ ಬೇರೆ. ಪಾರ್ಸಲ್ ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು, ಆದರೆ ರಸ್ತೆ, ರೈಲಿನ ದಾರಿಯಲ್ಲಿ ಹೋಗುವುದರಿಂದ ತಲುಪುವುದು ನಿಧಾನ. ಶಿಕ್ಷಣ, ಸಮಾಜ, ಸಂಸ್ಕೃತಿಗೆ ಸಂಬಂಧಪಟ್ಟ ಪುಸ್ತಕಗಳಿಗೆ ಅಂತ ಮಾಡಿರುವ ಸೇವೆ ಇದು, ಒಳಗೆ ಜಾಹೀರಾತು ಇರಬಾರದು. ಹಾಗಾಗಿ ಒಂದು ಪ್ರತಿ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ತೋರಿಸಿ ಕೇಳಿ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು. ತೂಕ ಮಾಡುವಾಗ ಕವರನ್ನೂ ಸೇರಿಸಿ ನೋಡಿ, ಇನ್ನೂರ ಎಂಬತ್ತು ಗ್ರಾಂ ಇರುವ ಪುಸ್ತಕ ದಪ್ಪ ರಟ್ಟು ಹಾಕಿ ಕಟ್ಟಿದರೆ 300 ದಾಟಿ ಮುಂದಿನ ದರಕ್ಕೆ ಹೋಗುತ್ತದೆ. ತೆಳು ಕವರ್ ಸಾಕು, ಮೂಲೆ ಮಡಚದ ಹಾಗೆ ಒಂದು ಪದರ ಹಳೇ ಪೇಪರ್ ಸುತ್ತಿ.